ಹಾಲು ಉಕ್ಕಿಸಲು ಬಾರದವರು

ಆರು ವರ್ಷ ಜೊತೆಗಿದ್ದು, ಇನ್ನೇನು ಛತ್ರ ನೋಡಬೇಕು ಅನ್ನುವ ಹೊತ್ತಿಗೆ ಬಿಟ್ಟುಹೋದವನು ಕೊಟ್ಟ ಕಾರಣ ಕೇಳಿದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ. ಮೈಸೂರಿನ ಒಂದು ಜ್ಯೂಸ್ ಅಂಗಡಿಯಲ್ಲಿ ಮೋಸಂಬಿ ಜ್ಯೂಸಿನ ಸ್ಟ್ರಾ ಕಚ್ಚುತ್ತಾ ಅವನು ಹೇಳಿದ್ದು ಇಷ್ಟು: "ನಿನ್ ಜೊತೆ ಜಗಳಾನೇ ಆಗಲ್ಲ ಕಣೇ. ಎಲ್ಲಾ ಯಾವಾಗ್ಲೂ ಸರಿಯಾಗೇ ಇರುತ್ತೆ. ಏನೋ ಒಂಥರಾ ಸಪ್ಪೆ ಅನ್ಸುತ್ತೆ."

ಸಪ್ಪೆಯಂತೆ! ಎಲ್ಲಾ ತಾನಾಗೇ ಸರಿಯಾಗಿತ್ತು ಅಂದುಕೊಂಡಿದ್ದನೇನೋ ಪುಣ್ಯಾತ್ಮ. ಅವನ ಮುಖ ಗಂಟಿಕ್ಕುವ ಮೊದಲೇ ಕಾಫಿ ಕೊಟ್ಟವಳು ನಾನು. ಅವರಮ್ಮ ಮುನಿಸಿಕೊಳ್ಳುವ ಮೊದಲೇ ಫೋನ್ ಮಾಡಿ "ಊಟ ಆಯ್ತಾ ಆಂಟಿ" ಅಂದವಳು ನಾನು. ನಾನಿದ್ದದ್ದು ಪಿಜಿಯಲ್ಲಿ, ಅವನಿದ್ದದ್ದು ಬಾಡಿಗೆ ಮನೆಯಲ್ಲಿ. ಆದರೆ ಅವನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬ ಎಲ್ಲಿದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಸಿಟ್ಟು ಬರುತ್ತಿರಲಿಲ್ಲವೇ? ಬರುತ್ತಿತ್ತು, ಮೂಗಿನ ತುದಿಯವರೆಗೂ ಬರುತ್ತಿತ್ತು. ನುಂಗುತ್ತಿದ್ದೆ. ಅವತ್ತು ಜ್ಯೂಸ್ ಅಂಗಡಿಯಲ್ಲಿ ಕೂಡ ನಾನು ಜಗಳ ಆಡಲಿಲ್ಲ. "ಸರಿ ಬಿಡು, ಜ್ಯೂಸ್ ಕುಡಿ, ಐಸ್ ಕರಗುತ್ತೆ" ಅಂದೆ. ಆಮೇಲೆ ಬಸ್ಸಿನಲ್ಲಿ ಕೂತು ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು. ಪಕ್ಕದಲ್ಲಿ ಕೂತಿದ್ದವರು ಏನಂದುಕೊಂಡಾರು ಅಂತ ಅದನ್ನೂ ಮಾಡಲಿಲ್ಲ.

ಮೈಸೂರು ಸಾಕಾಯಿತು. ಗುಬ್ಬಿಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಗುಬ್ಬಿಯಲ್ಲೇ ಮನೆ ಮಾಡಬಹುದಿತ್ತು. ಆದರೆ ಗುಬ್ಬಿಯಿಂದ ಕಡಬದವರೆಗೆ ನಮ್ಮ ನೆಂಟರು ಬೀದಿಗೊಬ್ಬರಿದ್ದಾರೆ. ಹೂವಿನ ಅಂಗಡಿಯ ಮುಂದೆ ನಿಂತರೆ ಒಬ್ಬರು, ಮೆಡಿಕಲ್ ಸ್ಟೋರಿನಲ್ಲಿ ಇನ್ನೊಬ್ಬರು, "ಯಾಕವ್ವಾ, ನಿಂತೋಯ್ತಂತೆ?" ಅಂತ ತಲೆ ಓರೆ ಮಾಡಿ ಕೇಳುವುದು ನನಗೆ ಬೇಡವಾಗಿತ್ತು. ಹಾಗಾಗಿ ತುಮಕೂರು. ನನಗೆ ಅಲ್ಲಿ ಒಂದು ನಾಯಿಯ ಪರಿಚಯವೂ ಇರಲಿಲ್ಲ. ಅದೇ ಬೇಕಿತ್ತು.

ಮನೆ ಸಿಕ್ಕಿದ್ದು ಮಹಡಿಯ ಮೇಲೆ. ಕೆಳಗಡೆ ಓನರ್ ಆಂಟಿ ಒಬ್ಬರೇ ಇದ್ದರು. ಬೆಳ್ಳಾವಿ ಕಡೆಯವರು, ಹಣೆಯ ತುಂಬಾ ವಿಭೂತಿ, ಸೊಂಟದಲ್ಲಿ ಬೀಗದಕೈ ಗೊಂಚಲು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ವಿಚಾರಣೆ ಶುರು ಮಾಡಿದರು.

"ಒಬ್ಳೇನಾ?"

"ಹೂಂ ಆಂಟಿ."

"ಮದ್ವೆ?"

"ಇಲ್ಲ ಆಂಟಿ."

"ಆಗೋದಿತ್ತು, ನಿಂತೋಯ್ತು."

ನಾನು ಮಜ್ಜಿಗೆ ಲೋಟದಲ್ಲಿ ಮುಖ ಮುಚ್ಚಿಕೊಂಡೆ.

"ಮುಖ ನೋಡುದ್ರೆ ಗೊತ್ತಾಗಲ್ವಾ? ಇರ್ಲಿ ಬುಡು, ನಂಗ್ಯಾಕೆ ಅದೆಲ್ಲಾ. ನೀನು ಯಾರ ಜೊತೆ ಮಾತಾಡು, ಎಷ್ಟೊತ್ತಿಗೆ ಬಾ, ನಾನು ಕೇಳಾಕಿಲ್ಲ. ನಂದು ಒಂದೇ ಕಂಡೀಷನ್ನು. ಮನೇಗೆ ಕಾಲಿಡೋ ದಿನ ಹಾಲು ಉಕ್ಕಬೇಕು. ಕಾಯೋದಲ್ಲ, ಉಕ್ಕಬೇಕು. ಉಕ್ಕಿ ಒಲೆ ಮೇಲೆ ಚೆಲ್ಲಬೇಕು. ಆಮೇಲೇ ಸಾಮಾನು ಒಳಗೆ."

ಇಷ್ಟೇನಾ ಅಂತ ನಗು ಬಂತು. ಹಿಂದೆ ಇದ್ದ ಹುಡುಗರು ಕರೆಂಟಿನ ಕೆಟಲಿನಲ್ಲಿ ಹಾಲು ಕಾಯಿಸಿ "ಆಯ್ತು ಆಂಟಿ" ಅಂದಿದ್ದರಂತೆ. ವಾರ ಕಳೆಯುವುದರೊಳಗೆ ಸಂಪಿನ ಮೋಟರು ಸುಟ್ಟಿತಂತೆ. "ಕೆಟ್ಲು ತಾನಾಗೇ ಆರೋಯ್ತದೆ. ಅದೇನು ಉಕ್ಕುತ್ತಾ? ಪ್ಲಾಸ್ಟಿಕ್ ಹಾಲು, ಪ್ಲಾಸ್ಟಿಕ್ ಬುದ್ಧಿ" ಅಂದರು ಆಂಟಿ. ನಾನು ಹೂಂಗುಟ್ಟಿದೆ.

ಹಾಲು ಉಕ್ಕಿಸಲು ಭಾನುವಾರ ಗೊತ್ತುಮಾಡಿದೆವು. ಸೋಮವಾರ ಅಮಾವಾಸ್ಯೆ, ಮಂಗಳವಾರದಿಂದ ಆಷಾಢ. ಆಷಾಢ ಬಂದಮೇಲೆ ಇನ್ನು ಶ್ರಾವಣದವರೆಗೂ ಆಂಟಿಯ ಮನೆಗೆ ಹೊಸಬರ ಕಾಲಿಲ್ಲ. ಭಾನುವಾರವೂ ಸಂಜೆ ನಾಲ್ಕೂವರೆಗೆ ರಾಹುಕಾಲ ಕೂರುತ್ತೆ, ಅದರೊಳಗೆ ಹಾಲು ಉಕ್ಕಿರಬೇಕು. ನನಗೆ ಸೋಮವಾರ ಬೆಳಿಗ್ಗೆಯೇ ಗುಬ್ಬಿಯಲ್ಲಿ ಡ್ಯೂಟಿ. "ಅಮಾಸೆ ದಿನ ಕೆಲ್ಸಕ್ಕೆ ಸೇರಿಸ್ಕೊಳೋದು ಅದ್ಯಾವ ಕಾಲೇಜೇ?" ಅಂತ ಅಮ್ಮ ಆಗಲೇ ತಕರಾರು ತೆಗೆದಿದ್ದಳು.

ನಮ್ಮ ಊರು ಕುಣಿಗಲ್ಲಿನಿಂದಲೂ ಆಚೆ, ಮಾರ್ಕೋನಹಳ್ಳಿ ಡ್ಯಾಮಿನ ಕಾಲುವೆಯ ಬದಿ. ಅಲ್ಲಿಂದ ಕುಣಿಗಲ್ಲು, ಕುಣಿಗಲ್ಲಿನಿಂದ ತುಮಕೂರು, ತುಮಕೂರಿನಿಂದ ಗುಬ್ಬಿ ಅಂತ ಮೂರು ಬಸ್ಸು ಹತ್ತಿ ಇಳಿದರೆ ಕಾಲೇಜಿನ ಮಧ್ಯಾಹ್ನದ ಊಟಕ್ಕೆ ಸರಿಯಾಗಿ ತಲುಪಬಹುದಿತ್ತು. ಊರಿನಿಂದ ಓಡಾಡಿ ಈ ಕೆಲಸ ಮಾಡಲಾಗದು, ಅಮ್ಮನಿಗೆ ಅದೇ ಖುಷಿ. ಮನೆಯಲ್ಲಿ ಚಿಕ್ಕಮ್ಮ ಹುಲಿಯೂರುದುರ್ಗದ ಕಡೆಯ ಒಂದು ಗಂಡನ್ನು ನೋಡಿಟ್ಟಿದ್ದಳು. ಅವನ ಬಗ್ಗೆ ಯಾರು ಏನೇ ಕೇಳಿದರೂ ಬರುತ್ತಿದ್ದ ಉತ್ತರ ಒಂದೇ: ಎರಡು ಬೋರ್‌ವೆಲ್ ಇದೆ, ಎರಡರಲ್ಲೂ ನೀರಿದೆ. ಅಮ್ಮ ಫೋನಿನಲ್ಲಿ ತೀರ್ಪು ಕೊಟ್ಟಳು.

"ನೋಡವ್ವಾ, ಹಾಲು ಉಕ್ಕುದ್ರೆ ಇರು. ನಾನು ತುಟಿಪಿಟಿಕ್ ಅನ್ನಲ್ಲ. ಉಕ್ಕಲಿಲ್ಲಾ ಅಂದ್ರೆ ಆ ದೇವ್ರೇ ಬ್ಯಾಡ ಅಂದಂಗೆ. ಅದೇ ಆಟೋಲಿ ಸಾಮಾನು ವಾಪಸ್ ಹಾಕ್ಕೊಂಡು ಊರಿಗೆ ಬಂದ್ಬುಡು. ಕೆಲ್ಸನೂ ಬ್ಯಾಡ, ಏನೂ ಬ್ಯಾಡ."

"ಆಯ್ತಮ್ಮ" ಅಂದೆ. ಹಾಲು ಉಕ್ಕುವುದಕ್ಕೇನು, ಬೆಂಕಿಯ ಮೇಲಿಟ್ಟರೆ ಕತ್ತೆಯ ಹಾಲೂ ಉಕ್ಕುತ್ತೆ. ಅಮ್ಮ ಬರುವುದಾಗಿ ಹೇಳಿದ್ದಳು, ಬರಲಿಲ್ಲ. ಎಮ್ಮೆ ಇವತ್ತೋ ನಾಳೆಯೋ ಈಯುವುದರಲ್ಲಿತ್ತು. ಮಗಳೋ ಎಮ್ಮೆಯೋ ಅನ್ನುವ ಪ್ರಶ್ನೆ ಬಂದಾಗ ನಮ್ಮ ಮನೆಯಲ್ಲಿ ಯಾವತ್ತೂ ಚರ್ಚೆಯಾಗಿಲ್ಲ. "ವಿಡಿಯೋ ಕಾಲ್ ಮಾಡು, ನೋಡ್ತೀನಿ" ಅಂದಳು.

ಭಾನುವಾರ ಮಧ್ಯಾಹ್ನ ಲಗೇಜ್ ಆಟೋದಲ್ಲಿ ಮಂಚ, ಹಾಸಿಗೆ, ಬೀರು, ಎರಡು ಚೀಲ ಪಾತ್ರೆ ಹೇರಿಸಿಕೊಂಡು ಬಂದೆ. ಆಂಟಿ ಬಾಗಿಲಿಗೆ ಅಡ್ಡ ನಿಂತು, "ಒಲೆ, ಸಿಲಿಂಡರು, ಉಪ್ಪಿನ ಡಬ್ಬ, ಹಾಲಿನ ಪಾತ್ರೆ ಮಾತ್ರ ಮೇಲಕ್ಕೆ. ಮಿಕ್ಕಿದ್ದು ಆಮೇಲೆ" ಅಂದರು. ಆಟೋದವನು ಒಳ್ಳೆಯವನು. "ಹತ್ತು ನಿಮಿಷದ ಕೆಲ್ಸ ತಾನೆ ಅಕ್ಕಾ" ಅಂತ ಆಟೋದ ಹಿಂಭಾಗದಲ್ಲಿ ನನ್ನ ಹಾಸಿಗೆಯ ಮೇಲೇ ಕಾಲು ಚಾಚಿ ಮಲಗಿದ.

ಹೊಸ ಒಲೆ, ಹೊಸ ಸ್ಟೀಲ್ ಪಾತ್ರೆ. ಪಾತ್ರೆಯ ಕೊರಳಿಗೆ ಆಂಟಿ ಅರಿಶಿನದ ಕೊಂಬು ಕಟ್ಟಿ, ಕುಂಕುಮ ಇಟ್ಟರು. ಆ ಪಾತ್ರೆಯನ್ನು ನಾನೇ ಆರಿಸಿ ತಂದಿದ್ದೆ, ಅಂಗಡಿಯವನ ಸಹನೆ ಮುಗಿಯುವಷ್ಟು ಪಾತ್ರೆಗಳನ್ನು ಬಡಿದು ನೋಡಿ. ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿದೆ. ಅದರಲ್ಲಿ ಅಮ್ಮನ ಅರ್ಧ ಮುಖ, ಎಮ್ಮೆಯ ಪೂರ್ತಿ ಹಿಂಭಾಗ ಕಾಣುತ್ತಿತ್ತು. ಒಲೆ ಹಚ್ಚಿ, ಕೈಮುಗಿದು, ಹಾಲು ಸುರಿದೆ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಗುಳ್ಳೆ ಬಂತು. ನಡುವೆ ಕೆನೆ ಉಬ್ಬಿತು. ಹಾಲು ಸರ್ರನೆ ಮೇಲೆದ್ದಿತು.

ಟಕ್.

ಒಲೆ ಆರಿಹೋಗಿತ್ತು. ಒಲೆಯ ನಾಬಿನ ಮೇಲೆ ನನ್ನ ಕೈ ಇತ್ತು. ಹಾಲು ಪಾತ್ರೆಯ ಕಂಠದಿಂದ ನಿಟ್ಟುಸಿರು ಬಿಟ್ಟುಕೊಂಡು ಕೆಳಗಿಳಿಯಿತು.

"ಏನ್ ಮಾಡ್ದೆ?" ಅಂದರು ಆಂಟಿ.

"ಗೊತ್ತಿಲ್ಲ ಆಂಟಿ."

ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಇದರ ಬೇರು ಎಲ್ಲಿದೆ ಅನ್ನುವುದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಹಾಲೆಲ್ಲಾ ಡೈರಿಗೆ. ಕ್ಯಾನು ಹೋದ ಮೇಲೆ ತಳದಲ್ಲಿ ಉಳಿದದ್ದು ಮನೆಗೆ. ಅದನ್ನು ಒಲೆಯ ಮೇಲಿಟ್ಟು, "ನೋಡ್ಕೋ" ಅಂತ ನನ್ನನ್ನು ಕಾವಲಿಗೆ ಹಾಕುತ್ತಿದ್ದರು. ಹಾಲು ಬೆಂಕಿಗೆ ಚೆಲ್ಲಿದರೆ ಎಮ್ಮೆಯ ಕೆಚ್ಚಲು ಬಾಯುತ್ತೆ ಅಂತ ಅಜ್ಜಿ ಹೇಳುತ್ತಿದ್ದಳು. ಒಂದೇ ಒಂದು ಸಲ ಹಾಲು ಉಕ್ಕಿತ್ತು. ಅದೇ ವಾರ ಎಮ್ಮೆಗೆ ನಿಜವಾಗಿಯೂ ಕೆಚ್ಚಲು ಬಾತು, ಊರಿನ ವೆಟರ್ನರಿ ಡಾಕ್ಟರು ಬಂದು, ನಾನು ಎಮ್ಮೆಯ ಕೊರಳಪ್ಪಿ ಕ್ಷಮೆ ಕೇಳಿ, ಅದು ನನ್ನ ಕೂದಲು ನೆಕ್ಕಿ, ದೊಡ್ಡ ರಾದ್ಧಾಂತವಾಯಿತು. ಅಲ್ಲಿಂದೀಚೆಗೆ ನನ್ನ ಕಣ್ಣ ಮುಂದೆ ಯಾವ ಹಾಲೂ ಉಕ್ಕಿಲ್ಲ. ಹಾಲು ಏಳುವ ಸದ್ದು ಕಿವಿಗೆ ಬಿದ್ದರೆ ಸಾಕು, ತಲೆಗೆ ತಿಳಿಯುವ ಮೊದಲು ಕೈಗೆ ತಿಳಿಯುತ್ತದೆ.

"ಏನಾಯ್ತೇ?" ಅಂದಳು ಅಮ್ಮ ಫೋನಿನಿಂದ.

"ಆರಿಸ್ಬಿಟ್ಟೆ ಕಣಮ್ಮ."

"ಉಕ್ಸು ಅಂದ್ರೆ ಆರಿಸ್ತೀಯಲ್ಲೇ, ತಲೆ ನೆಟ್ಟಗೈತಾ?"

ಎರಡನೇ ಸಲ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಹಾಲು ಎದ್ದಿತು. ಕೈ ಹಿಂದಿನಿಂದ ಬಿಡಿಸಿಕೊಂಡು ಬಂದು, ಟಕ್.

"ಥೂ, ಸರಿ ಆ ಕಡೆ" ಅಂದರು ಆಂಟಿ. "ನಂಗೆ ಬುಡು. ಹಾಲು ಉಕ್ಸೋದು ಒಂದು ಬ್ರಹ್ಮವಿದ್ಯೆನಾ?" ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತರು. ನಾನು ಬಾಗಿಲಲ್ಲಿ ನಿಂತೆ. ಹಾಲು ಮೇಲೇರಿತು. ಆಂಟಿ "ಶಿವ ಶಿವ" ಅಂದರು. ಅದು ಅಂಚಿಗೆ ಬಂತು, ಒಂದು ಎಳೆ ಹೊರಗೆ ಇಣುಕಿತು ಅನ್ನುವಷ್ಟರಲ್ಲಿ ಬಳೆ ಸದ್ದಾಯಿತು.

ಟಕ್.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಂಟಿ ತಮ್ಮ ಬಲಗೈಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು, ಅದು ಯಾರದೋ ಕೈ ಅನ್ನುವ ಹಾಗೆ.

"ಬೆಳ್ಳಾವೀಲಿ ನಮ್ದೂ ನಾಲ್ಕು ಎಮ್ಮೆ ಇತ್ತು ಕಣವ್ವಾ" ಅಂದರು ಮೆತ್ತಗೆ.

"ಮತ್ತೆ ನಿಮ್ಮ ಗೃಹಪ್ರವೇಶಕ್ಕೆ ಹೆಂಗೆ ಉಕ್ಸಿದ್ರಿ ಆಂಟಿ?"

"ನಮ್ಮತ್ತೆ ಉಕ್ಸಿದ್ದು. ಅವ್ರಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಏನೂ ಕಾಣ್ತಿರ್ಲಿಲ್ಲ."

ಕೆಳಗಿನಿಂದ ಆಟೋದವನು ಕೂಗಿದ. "ಅಕ್ಕಾ, ಉಕ್ತಾ?"

"ಇಲ್ಲಪ್ಪಾ!"

"ಮಲ್ಕೊತೀನಿ ಹಂಗಾರೆ!"

ಆಂಟಿಗೆ ಆಗ ಒಂದು ಯೋಚನೆ ಹೊಳೆಯಿತು. ಎದುರು ಮನೆಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರಿದ್ದರು. ಅವರ ಹೆಂಡತಿ ಮಗಳ ಬಾಣಂತನಕ್ಕೆ ಗುಬ್ಬಿಗೆ ಹೋಗಿದ್ದು, ಮೇಷ್ಟ್ರು ಮೂರು ಹೊತ್ತೂ ಹೋಟೆಲಿನ ತಟ್ಟೆ ಇಡ್ಲಿಯ ಮೇಲೆ ಜೀವ ಹಿಡಿದಿದ್ದರು. "ಆವಯ್ಯ ಹುಟ್ಟಿದಾಗಿಂದ ಒಲೆ ಮುಂದೆ ನಿಂತಿಲ್ಲ. ಅವ್ರ ಕೈಗೆ ಏನೂ ಗೊತ್ತಿಲ್ಲ. ಅವ್ರೇ ಸರಿ" ಅಂದರು ಆಂಟಿ. ಪಾತ್ರೆ ನಂದು, ಹಾಲು ನಂದು, ಹತ್ತಿರ ನಿಂತು ನೋಡುವವರು ಯಾರಾದರೇನು ಅಂತ ಶಾಸ್ತ್ರಕ್ಕೂ ಒಂದು ದಾರಿ ಮಾಡಿದರು.

ಮೇಷ್ಟ್ರು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದರು. ಇಷ್ಟು ದೊಡ್ಡ ಜವಾಬ್ದಾರಿ ರಿಟೈರಾದ ಮೇಲೆ ಅವರಿಗೆ ಯಾರೂ ಕೊಟ್ಟಿರಲಿಲ್ಲ ಅಂತ ಕಾಣುತ್ತೆ. "ಏನೂ ಮಾಡ್ಬಾರ್ದು, ಸುಮ್ನೆ ನಿಂತಿರ್ಬೇಕು. ಅಷ್ಟೇ ತಾನೆ?" ಅಂತ ಖಾತ್ರಿ ಮಾಡಿಕೊಂಡರು. "ಅಷ್ಟೇ" ಅಂದರು ಆಂಟಿ. "ನೀವು ಸಂಸಾರ ಪೂರ್ತಿ ಮಾಡಿದ್ದು ಅದನ್ನೇ ಅಲ್ವಾ." ಮೇಷ್ಟ್ರು ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡರು. ನಾವಿಬ್ಬರೂ ಹಾಲಿಗೆ ಕಾಣದಂತೆ, ಹಾಲು ನಮಗೆ ಕಾಣದಂತೆ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆವು.

ಒಲೆಯ ಬುಸ್ ಸದ್ದು ಬಿಟ್ಟರೆ ಏನೂ ಇಲ್ಲ. ಆಂಟಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಆಗ ಅಡುಗೆಮನೆಯಿಂದ ಸಿಡಿಲು ಬಡಿದಂತೆ ಮೇಷ್ಟ್ರ ಧ್ವನಿ:

"ಲೇ! ಇವ್ಳೇ! ಹಾಲು! ಹಾಲು ಉಕ್ತಾ ಇದೆ! ಎಲ್ಲಿ ಸತ್ತೆ, ಬಾರೇ!"

ಮೇಷ್ಟ್ರ ಹೆಂಡತಿ ಇದ್ದದ್ದು ಗುಬ್ಬಿಯಲ್ಲಿ. ಎದ್ದು ಓಡಿದ್ದು ನಾವಿಬ್ಬರು. ನಾನು ಬಾಗಿಲಿಗೆ ಭುಜ ತಾಗಿಸಿಕೊಂಡೆ, ಆಂಟಿ ಮೇಷ್ಟ್ರನ್ನು ಪಕ್ಕಕ್ಕೆ ತಳ್ಳಿದರು, ಎರಡು ಕೈ ಒಟ್ಟಿಗೇ ನಾಬಿನ ಮೇಲೆ ಬಿತ್ತು. ಟಕ್.

ಹಾಲು ಇಳಿಯಿತು.

"ಕೂಗ್ಬೇಡಿ ಅಂತ ನೀವು ಹೇಳ್ಲಿಲ್ವಲ್ಲ" ಅಂದರು ಮೇಷ್ಟ್ರು.

ನನಗೆ ನಗು ತಡೆಯಲಾಗಲಿಲ್ಲ. ಆಂಟಿಯೂ ಗೋಡೆ ಹಿಡಿದುಕೊಂಡು ನಕ್ಕರು. ಆದರೆ ಗಡಿಯಾರ ನಗುತ್ತಿರಲಿಲ್ಲ, ನಾಲ್ಕು ಹೊಡೆಯುವುದರಲ್ಲಿತ್ತು. ಹಾಲೂ ಕೆಟ್ಟಿತ್ತು. ಅಷ್ಟು ಸಲ ಕಾದು ಕಾದು ಕೆನೆ ಕಟ್ಟಿ ಗಟ್ಟಿಯಾಗಿ, ಇನ್ನೆರಡು ಸಲ ಕಾಯಿಸಿದರೆ ನೇರ ಪೇಡಾ ಆಗುವ ಸ್ಥಿತಿಗೆ ಬಂದಿತ್ತು. ಮೇಷ್ಟ್ರು ಚಪ್ಪಲಿ ಮೆಟ್ಟಿ ಓಡಿಹೋಗಿ ಹೊಸ ಪ್ಯಾಕೆಟ್ ತಂದುಕೊಟ್ಟು, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂತ ತಮ್ಮ ಮನೆಯ ಜಗಲಿಗೆ ಹೋಗಿ ಕೂತರು. ಪಾತ್ರೆ ತೊಳೆದು, ಹೊಸ ಹಾಲು ಹಾಕಿ, ಒಲೆ ಹಚ್ಚಿದೆ.

ಆಗಲೇ ಫೋನ್ ಬಡಿದುಕೊಂಡಿತು. ಪರದೆಯ ಮೇಲಿದ್ದ ಅಮ್ಮ ಮತ್ತು ಎಮ್ಮೆ ಮಾಯವಾಗಿ, ಅವನ ಹೆಸರು ಬಂತು. ಜ್ಯೂಸ್ ಅಂಗಡಿಯ ಆ ದಿನದಿಂದ ಒಂದು ಮೆಸೇಜೂ ಮಾಡದವನು. ಸುಳ್ಳೇಕೆ ಹೇಳಲಿ, ಮನಸ್ಸು ಬದಲಾಯಿಸಿದನೇನೋ ಅಂತ ಒಂದು ಗಳಿಗೆ ಆಸೆಯಾಯಿತು. ಫೋನ್ ಎತ್ತಿಕೊಂಡು ಮೆಟ್ಟಿಲ ಹತ್ತಿರ ಬಂದೆ.

"ಹೇಯ್, ಬಿಜಿನಾ?" ಅಂದ. "ಏನಿಲ್ಲ, ಆ ಕುಕ್ಕರ್ ಗ್ಯಾಸ್ಕೆಟ್ ಎಲ್ಲಿಟ್ಟಿದೀಯಾ? ಸಿಗ್ತಾನೇ ಇಲ್ಲ."

ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಣೆಗೂ ಹೇಳುತ್ತಿದ್ದೆ. ಎಲ್ಲಿದೆ ಅಂತ ಹೇಳಿ, ಅದಕ್ಕೆ ಸ್ವಲ್ಪ ಎಣ್ಣೆ ಸವರು ಅಂತಲೂ ಹೇಳಿ, ಊಟ ಆಯ್ತಾ ಅಂತಲೂ ಕೇಳುತ್ತಿದ್ದೆ. ಆದರೆ ಬಾಯಿ ತೆಗೆದಾಗ ಬಂದದ್ದು ಬೇರೆ.

"ಗ್ಯಾಸ್ಕೆಟ್ಟಾ?"

"ಹೂಂ, ಆ ರಬ್ಬರ್ದು."

"ರಬ್ಬರ್ದು ಅಂತ ಗೊತ್ತು ಕಣೋ! ಇಷ್ಟು ದಿನ ಆದ್ಮೇಲೆ ಫೋನ್ ಮಾಡಿ ಕೇಳೋದು ಗ್ಯಾಸ್ಕೆಟ್ಟಾ? ಇದೀಯಾ ಸತ್ತಿದೀಯಾ ಅಂತ ಕೇಳಕ್ಕೆ ಬಾಯಿ ಬರಲ್ವಾ? ನಾನೇನು ನಿನ್ನ ಸ್ಟೋರ್ ಕೀಪರ್ರಾ? ಸಪ್ಪೆನಾ ನಾನು? ನಿಮ್ಮಮ್ಮ ಮಾಡೋ ಹುಳಿಗೆ ಉಪ್ಪೇ ಇರ್ತಿರ್ಲಿಲ್ಲ, ಆರು ವರ್ಷ ಚೆನ್ನಾಗಿದೆ ಚೆನ್ನಾಗಿದೆ ಅಂತ ತಿಂದೆ! ಅದು ಸಪ್ಪೆ! ಜಗಳ ಬೇಕಿತ್ತಾ ನಿಂಗೆ? ತಗೋ ಜಗಳ! ನನ್ ಬರ್ತಡೇ ಮರ್ತು ಕ್ರಿಕೆಟ್ ನೋಡಕ್ಕೆ ಹೋದ್ಯಲ್ಲಾ, ತಗೋ! ನನ್ ಛತ್ರಿ ತಗೊಂಡೋಗಿ ಬಸ್ಸಲ್ಲಿ ಬಿಟ್ಬಂದ್ಯಲ್ಲಾ, ತಗೋ!"

"ಯಾಕೆ ಕೂಗಾಡ್ತಿದೀಯಾ? ನೀನು ಹಿಂಗಿರಲಿಲ್ವಲ್ಲ" ಅಂದ ಅವನು, ಗಾಬರಿಯಾಗಿ.

"ಹಿಂಗೇ ಇದ್ದೆ ಕಣೋ ಮೂದೇವಿ! ಹಿಂಗೇ ಇದ್ದೆ!"

ಫೋನ್ ಕಟ್ ಮಾಡಿದೆ. ಆಟೋದವನು ನನ್ನ ಹಾಸಿಗೆಯ ಮೇಲೆ ಎದ್ದು ಕೂತಿದ್ದ. ಎದುರು ಜಗಲಿಯಲ್ಲಿ ಮೇಷ್ಟ್ರು ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಬೈಸಿಕೊಂಡದ್ದು ತಾವೇ ಏನೋ ಅನ್ನುವಂತೆ ಕೂತಿದ್ದರು. ನನಗೆ ಮಾತ್ರ ಎದೆಯ ಮೇಲಿನ ಬೀರು ಇಳಿಸಿದ ಹಾಗಾಗಿತ್ತು. ಆಗ ನೆನಪಾಯಿತು, ಹಾಲು! ಇಷ್ಟು ಹೊತ್ತು ನಾನು ಹಾಲನ್ನು ಪೂರ್ತಿ ಮರೆತಿದ್ದೆ. ಆ ಕೆಚ್ಚಲಿನ ಪ್ರಸಂಗದ ಮೇಲೆ ಮೊದಲ ಸಲ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದೆ. ಉಕ್ಕಿ ಹರಿದು ಹೊಳೆಯಾಗಿರಬೇಕು ಅಂತ ಕುಣಿಯುತ್ತಾ ಒಳಗೆ ಓಡಿದೆ.

ಒಲೆ ಆರಿತ್ತು. ಒಂದು ಹನಿ ಹೊರಗಿರಲಿಲ್ಲ. ನಾಬಿನ ಮೇಲೆ ಆಂಟಿಯ ಕೈ ಇತ್ತು.

"ಉಕ್ಕಕ್ಕೆ ಬಂದಿತ್ತು ಕಣವ್ವಾ" ಅಂದರು, ಅಳುವ ದನಿಯಲ್ಲಿ. "ನೀನು ಬೈಯೋದ್ ಕೇಳ್ತಾ ನಿಂತಿದ್ದೆ. ಚೆನ್ನಾಗ್ ಬೈತಿದ್ದೆ. ಕೈ ಯಾವಾಗ್ ಹೋಯ್ತೋ, ಆ ಶಿವನೇ ಬಲ್ಲ."

ನಾನು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಅತ್ತೆ. ಗೊಳೋ ಅಂತ ಅತ್ತೆ. ಅವನಿಗಾಗಿ ಅಳುತ್ತಿದ್ದೇನೆ ಅಂತ ಆಂಟಿ ಅಂದುಕೊಂಡಿರಬೇಕು. ಅವನು ನನಗೆ ಬೇಡವಾಗಿದ್ದ, ಅದು ಆ ಮೆಟ್ಟಿಲ ಮೇಲೇ ತೀರ್ಮಾನವಾಗಿತ್ತು. ನನಗೆ ಬೇಕಿದ್ದದ್ದು ಈ ಮನೆ. ಬಿಸಿಲು ಬೀಳುವ ಈ ಕಿಟಕಿ, ಕಾಲು ಚಾಚಿದರೆ ಗೋಡೆ ತಾಗುವ ಈ ಸಣ್ಣ ರೂಮು, ನಾನೇ ಬಡಿದು ಆರಿಸಿದ ಈ ಪಾತ್ರೆ. ಯಾರ ಮುಖವನ್ನೂ ನೋಡದೆ ನನಗೆ ಬೇಕಾದ ಸಾರು ಮಾಡಿಕೊಂಡು ತಿನ್ನಬಹುದಾದ ಒಂದು ಒಲೆ. ಅದೂ ಕೈತಪ್ಪಿತು, ಬೇರೆ ಯಾರಿಂದಲೂ ಅಲ್ಲ, ನನ್ನದೇ ಕೈಯಿಂದ ಅನ್ನುವ ಸಂಕಟಕ್ಕೆ ಅತ್ತೆ.

"ನಂಗೆ ಊರಿಗೆ ಹೋಗಕ್ಕಿಷ್ಟ ಇಲ್ಲ ಆಂಟಿ" ಅಂದೆ ಮೂಗು ಒರೆಸಿಕೊಳ್ಳುತ್ತಾ. "ಅಲ್ಲಿ ಎರಡು ಬೋರ್‌ವೆಲ್ ಇದೆ."

ಆಂಟಿಗೆ ಅದೇನು ಅರ್ಥವಾಯಿತೋ. ಶಾಸ್ತ್ರ ಸಾಕು, ಇದ್ದುಬಿಡು ಅಂತ ಹೇಳಿಬಿಡಬಹುದಿತ್ತು. ಅವರು ಆ ಜಾತಿಯವರಲ್ಲ. ಗಡಿಯಾರ ನೋಡಿದರು, ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಒಲೆ ಮತ್ತೆ ಹಚ್ಚಿದರು.

"ಏಳು ಮೇಲೆ. ಕಣ್ಣೊರೆಸ್ಕೋ. ಎರಡೂ ಕೈ ಕೊಡಿಲ್ಲಿ."

ಕೊಟ್ಟೆ. ಆಂಟಿ ನನ್ನ ಬಲಗೈಯನ್ನು ತಮ್ಮ ಎಡಗೈಯಲ್ಲೂ, ಎಡಗೈಯನ್ನು ಬಲಗೈಯಲ್ಲೂ ಹಿಡಿದುಕೊಂಡರು. ಹುಡುಗಿಯರು ಕೈ ಕೈ ಹಿಡಿದು ಗಿರಗಿರ ತಿರುಗುವ ಆಟಕ್ಕೆ ನಿಂತ ಹಾಗೆ ಒಲೆಯ ಮುಂದೆ ಎದುರುಬದುರು ನಿಂತೆವು.

"ನಾನು ನಿನ್ನ ಬುಡಾಕಿಲ್ಲ. ನೀನು ನನ್ನ ಬುಡ್ಬೇಡ. ಬಳೆ ಒಡುದ್ರೂ ಬುಡ್ಬೇಡ."

ಮತ್ತೆ ಉಪ್ಪಿನ ಡಬ್ಬಕ್ಕೆ ಒರಗಿಸಿದ್ದ ಫೋನಿಗೆ ಅಮ್ಮ ಕಾಲ್ ಮಾಡಿದಳು. ಆಂಟಿ ಮೊಣಕೈಯಿಂದ ಒತ್ತಿ ಫೋನ್ ಎತ್ತಿದರು. "ಏನ್ರವ್ವಾ ಅದು, ಕೋಲಾಟನಾ?" ಅಂದಳು ಅಮ್ಮ. ಗುಳ್ಳೆ ಬಂತು. ಕೆನೆ ಉಬ್ಬಿತು. ನನ್ನ ಬಲಗೈ ಸೆಳೆಯಿತು, ಆಂಟಿ ಹಿಡಿದರು. ಆಂಟಿಯ ಬಲಗೈ ಒದ್ದಾಡಿತು, ನಾನು ಹಿಡಿದೆ. ಅವರ ಹಿಡಿತ ಅಂದರೆ, ನಾಲ್ಕು ಎಮ್ಮೆಗೆ ಹಾಲು ಕರೆದ ಕೈ ಅದು. ಹಾಲು ಅಂಚಿಗೆ ಬಂತು. ಇಬ್ಬರೂ ಜಗ್ಗಾಡುತ್ತಿದ್ದೆವು, ಇಬ್ಬರೂ ಹಲ್ಲು ಕಚ್ಚಿದ್ದೆವು, ಆಂಟಿ "ಬುಡ್ಬೇಡ, ಬುಡ್ಬೇಡ" ಅಂತ ಕಿರುಚುತ್ತಿದ್ದರು, ಮತ್ತು ಅದೇ ಹೊತ್ತಿಗೆ ಉಪ್ಪಿನ ಡಬ್ಬದ ಹತ್ತಿರದಿಂದ ನನ್ನ ಹೆತ್ತ ತಾಯಿ ಪ್ರಾಣ ಹೋದವಳಂತೆ ಕೂಗಿದಳು:

"ಆರ್ಸೇ! ಆರ್ಸೇ! ಉಕ್ತಾ ಐತೆ, ಹಾಳಾದೋಳೇ, ಆರ್ಸೇ!"

ಉಕ್ಕಿತು. ಬುಸ್ಸೆಂದು ನಾಲ್ಕು ಕಡೆಗೂ ಇಳಿದು, ಅರಿಶಿನದ ದಾರ ತೋಯಿಸಿ, ಒಲೆ ತುಂಬಿ, ಉರಿ ಚರ್ರೆಂದು ಆರಿ, ಕಟ್ಟೆಯಿಂದ ಕೆಳಗೆ ನನ್ನ ಕಾಲಿನ ಮೇಲೆ ಬೆಚ್ಚಗೆ ಹರಿಯಿತು. ಸೀದ ಹಾಲಿನ ವಾಸನೆ ಮನೆಯೆಲ್ಲಾ ತುಂಬಿತು. ನಾವು ಕೈ ಬಿಟ್ಟಿರಲಿಲ್ಲ. ಗ್ಯಾಸ್ ವಾಸನೆ ಬರತೊಡಗಿದ ಮೇಲೆ ಆಂಟಿಯೇ ಬಿಡಿಸಿಕೊಂಡು ನಾಬ್ ತಿರುಗಿಸಿದರು.

"ಪೂರ್ವಕ್ಕೂ ಹೋಗೈತೆ" ಅಂದರು ಬಗ್ಗಿ ನೋಡಿ. "ಎಲ್ಲಾ ಕಡೆಗೂ ಹೋಗೈತೆ. ಒಳ್ಳೇದಾಯ್ತದೆ ಬುಡು." ಅವರ ಕಣ್ಣಲ್ಲೂ ನೀರಿತ್ತು. ಸೊಂಟದ ಗೊಂಚಲಿನಿಂದ ಒಂದು ಬೀಗದಕೈ ಬಿಚ್ಚಿ ನನ್ನ ಅಂಗೈಗೆ ಒತ್ತಿದರು. ಆ ಅಂಗೈ ಇನ್ನೂ ಉರಿಯುತ್ತಿತ್ತು.

"ಅಕ್ಕಾ?" ಅಂದ ಕೆಳಗಿನಿಂದ ಆಟೋದವನು.

"ಉಕ್ತು ಕಣಪ್ಪಾ! ಮಂಚ ತಗೊಂಡ್ಬಾ!"

ಮೇಷ್ಟ್ರು ಎದುರು ಜಗಲಿಯಿಂದ ಚಪ್ಪಾಳೆ ತಟ್ಟಿದರು. ಅಮ್ಮ ತಾನು ಆರಿಸು ಅಂದೇ ಇಲ್ಲ ಅಂತ ವಾದ ಮಾಡಿದಳು, ಇವತ್ತಿಗೂ ಮಾಡುತ್ತಾಳೆ. ಸ್ವಲ್ಪ ಹೊತ್ತು ಪರದೆಯಲ್ಲಿ ನನ್ನನ್ನೇ ನೋಡುತ್ತಾ ಕೂತು, "ಸರಿ, ಇರು ಮತ್ತೆ. ಒಲೆ ಒರೆಸ್ಕ, ಇರುವೆ ಬತ್ತವೆ. ಎಮ್ಮೆ ಈದ್ಮೇಲೆ ಗಿಣ್ಣು ತಕ್ಕೊಂಡು ನಾನೇ ಬತ್ತೀನಿ" ಅಂದು ಕಾಲ್ ಕಟ್ ಮಾಡಿದಳು. ಬೋರ್‌ವೆಲ್ಲಿನ ಸುದ್ದಿ ಎತ್ತಲಿಲ್ಲ.

ಪಾತ್ರೆಯ ತಳದಲ್ಲಿ ಉಳಿದಿದ್ದ ಹಾಲಿಗೆ ಆಂಟಿ ಶಾವಿಗೆ ಹಾಕಿ ಪಾಯಸ ಮಾಡಿದರು. ಆಟೋದವನು, ಮೇಷ್ಟ್ರು, ನಾವಿಬ್ಬರು, ತಲಾ ಎರಡು ಚಮಚ ಬಂತು. ಎಲ್ಲರೂ ಹೋದ ಮೇಲೆ ಬಟ್ಟೆ ಹಿಡಿದು ಒಲೆಯ ಮುಂದೆ ನಿಂತಿದ್ದಾಗ ಫೋನ್ ಟಿಂಗ್ ಅಂದಿತು. ಅವನ ಮೆಸೇಜು. "ಸಾರಿ. ಪ್ಲೀಸ್, ಗ್ಯಾಸ್ಕೆಟ್ ಎಲ್ಲಿದೆ ಅಷ್ಟು ಹೇಳು. ಅನ್ನ ಆಗ್ತಿಲ್ಲ."

ನನ್ನ ಹೆಬ್ಬೆರಳು ಆಗಲೇ "ಫ್ರೀಜರ್‌ನಲ್ಲಿ" ಅಂತ ಟೈಪ್ ಮಾಡಿ ಮುಗಿಸಿತ್ತು. ಸಡಿಲವಾದ ಗ್ಯಾಸ್ಕೆಟ್ ಬಿಗಿಯಾಗಲಿ ಅಂತ ನಾನೇ ಇಟ್ಟದ್ದು, ಐಸ್ ಟ್ರೇ ಕೆಳಗೆ. ಕಳಿಸುವ ಬಟನ್ನಿನ ಹತ್ತಿರ ಬೆರಳು ಹೋಯಿತು. ಅಕ್ಕಪಕ್ಕ ನೋಡಿದೆ, ಕೈ ಹಿಡಿಯುವವರು ಯಾರೂ ಇಲ್ಲ. ಆಂಟಿ ಕೆಳಗೆ ಹೋಗಿ ಟಿವಿ ಹಾಕಿದ್ದರು.

ಒಂದೊಂದೇ ಅಕ್ಷರ ಅಳಿಸಿ, ಫೋನನ್ನು ಹಾಸಿಗೆಯ ಮೇಲೆಸೆದು, ಒಲೆ ಒರೆಸಿದೆ.